ಬ್ಯಾಟರಿಗೆ ಹೊದಿಸಿದ ಕೌದಿ

ಶೈಲಶ್ರೀಯ ಮನೆಯಲ್ಲಿ ಬಟ್ಟೆ ಹೊದೆಯದೆ ಕೂತ ವಸ್ತು ಒಂದೂ ಇರಲಿಲ್ಲ. ಟಿವಿಗೊಂದು, ಮಿಕ್ಸಿಗೊಂದು, ನೀರಿನ ಕೊಡಗಳಿಗೆ ಒಂದೊಂದು, ಹೊಲಿಗೆ ಯಂತ್ರಕ್ಕೆ ಎರಡು. ಮಳಖೇಡದ ಆ ಓಣಿ ದೊಡ್ಡ ರಸ್ತೆಗೆ ಹತ್ತಿರ. ಕಲ್ಲು, ಸಿಮೆಂಟು ತುಂಬಿದ ಲಾರಿಗಳು ಹಗಲಿರುಳು ಹೋಗುತ್ತವೆ. ಬೆಳಿಗ್ಗೆ ಒರೆಸಿದ ಕಿಟಕಿಯ ಪಟ್ಟಿಯ ಮೇಲೆ ಮಧ್ಯಾಹ್ನಕ್ಕೆ ಬೆರಳಿಂದ ಹೆಸರು ಬರೆಯಬಹುದು. ಅತ್ತೆ ಗುಂಡಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಆ ಬಿಳಿ ಧೂಳಿನ ಜೊತೆ ಜಗಳ ಹೂಡಿದವಳು. ಈಗ ಎಪ್ಪತ್ತಾರು. ಮೊಣಕಾಲು ಸೋತಿವೆ, ಬಗ್ಗಿ ಒರೆಸಲು ಆಗುವುದಿಲ್ಲ. ಹೊದಿಸಲು ಆಗುತ್ತದೆ. ಹಳೆಯ ಸೀರೆ ಹರಿದು, ಅಂಚು ಮಡಚಿ, ಕೈಯಿಂದಲೇ ಹೊಲಿದು ಮನೆಯ ಒಂದೊಂದು ಸಾಮಾನಿಗೂ ಅಂಗಿ ತೊಡಿಸಿದ್ದಳು.

ಶೈಲಶ್ರೀ ಹನ್ನೊಂದು ಕಿಲೋಮೀಟರು ದೂರದ ಹಳ್ಳಿಯ ಉಪಕೇಂದ್ರದಲ್ಲಿ ನರ್ಸು. ಆ ಹಳ್ಳಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಟಂಟಂ ಉಂಟು, ಆದರೆ ಹತ್ತು ಜನ ತುಂಬುವವರೆಗೆ ಆ ರಿಕ್ಷಾ ಕದಲುವುದಿಲ್ಲ. ಇಪ್ಪತ್ತು ವರ್ಷ ಆಕೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಕ್ರಾಸಿನಲ್ಲಿ ನಿಂತಿದ್ದಾಳೆ. ನಿಂತಾಗ ಯಾರ ಮುಖವನ್ನೂ ನೋಡದಿರುವುದನ್ನು, ನೋಡುವವರನ್ನು ಕಾಣದಂತೆ ಇರುವುದನ್ನು ಕಲಿತಿದ್ದಾಳೆ. ಗಂಡ ಲಕ್ಷ್ಮಿಕಾಂತ ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾನೆ.

ಎರಡು ವರ್ಷದ ಹಿಂದೆ ಬ್ಯಾಟರಿ ಸ್ಕೂಟರ್ ತೆಗೆದುಕೊಂಡಾಗ ಆಕೆಗೆ ನಲವತ್ತಾರು. ಕಲಬುರಗಿಯ ಹಾಸ್ಟೆಲ್ಲಿನಿಂದ ರಜೆಗೆ ಬಂದ ಮಗಳು ದೇವಿಕಾ ಕೋಟೆಯ ಹತ್ತಿರದ ಬಯಲಲ್ಲಿ ಕಲಿಸಿದಳು. ಎರಡು ಸಲ ಬಿದ್ದದ್ದನ್ನು ತಾಯಿ ಮಗಳು ಯಾರಿಗೂ ಹೇಳಲಿಲ್ಲ. ಗಾಡಿ ಕೈಗೆ ಹತ್ತಿದ ಮೇಲೆ ಶೈಲಶ್ರೀ ಸಂಜೆ ಏಳಕ್ಕೆ ಬರುತ್ತಿದ್ದವಳು ನಾಲ್ಕೂವರೆಗೆ ಬರತೊಡಗಿದಳು. ದಾರಿಯಲ್ಲಿ ಕಾಗಿಣಾ ಸೇತುವೆಯ ಪಕ್ಕ ಗಾಡಿ ನಿಲ್ಲಿಸಿ ಐದು ನಿಮಿಷ ನೀರು ನೋಡುತ್ತಿದ್ದಳು. ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಬೇಸಿಗೆಯಲ್ಲಿ ನೀರೂ ಇರುವುದಿಲ್ಲ, ಬರೀ ಬಂಡೆ. ಆದರೂ ಇಡೀ ದಿನದಲ್ಲಿ ಯಾರೂ ಏನೂ ಕೇಳದ ಐದು ನಿಮಿಷ ಅದು. ಅಡುಗೆಮನೆಯಲ್ಲಿ, ಉಪಕೇಂದ್ರದಲ್ಲಿ, ರಾತ್ರಿ ಹಾಸಿಗೆಯಲ್ಲಿ ಕೂಡ ಆಕೆಗೆ ಅಂಥದ್ದು ಸಿಕ್ಕಿರಲಿಲ್ಲ.

ಗಾಡಿಯ ಬ್ಯಾಟರಿ ಸೀಟಿನ ಕೆಳಗಿಂದ ಹೊರಗೆ ಬರುತ್ತದೆ, ಸಣ್ಣ ಸೂಟ್‌ಕೇಸಿನಷ್ಟು, ಜೋಳದ ಚೀಲದ ಕಾಲು ಭಾಗದಷ್ಟು ಭಾರ. ಅದನ್ನು ಒಳಗೆ ತಂದು ಚಾರ್ಜಿಗೆ ಇಡಬೇಕು. ದೊಡ್ಡ ಪ್ಲಗ್ಗು ಇದ್ದದ್ದು ಪಡಸಾಲೆಯಲ್ಲಿ ಮಾತ್ರ, ಕೂಲರಿಗೆಂದು ಹಾಕಿಸಿದ್ದು, ತಲಬಾಗಿಲ ಹಿಂದೆ, ಅತ್ತೆಯ ಮಂಚದ ಪಕ್ಕ. ಅಲ್ಲೊಂದು ಕಟ್ಟಿಗೆಯ ಮಣೆ ಹಾಕಿ ಅದರ ಮೇಲೆ ಬ್ಯಾಟರಿ ಇಡುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಗಾಡಿಯ ಜೊತೆ ಬಂದ ಚಾರ್ಜರು ತೊಯ್ದು ಕೆಟ್ಟಿತು. ಲಕ್ಷ್ಮಿಕಾಂತ ವಾಡಿ ಜಂಕ್ಷನ್ನಿಗೆ ಹೋದಾಗ ಒಂದು ಅಂಗಡಿಯಿಂದ ಬೇರೆ ತಂದ. ಪಿನ್ನು ಸರಿಯಾಗಿ ಕೂತಿತು. ಹಾಗಾಗಿ ಯಾರೂ ಮುಂದೆ ಕೇಳಲಿಲ್ಲ.

ಏಪ್ರಿಲ್ ಕೊನೆಯ ಶುಕ್ರವಾರ ಶೈಲಶ್ರೀ ಮೂರಕ್ಕೇ ಹಳ್ಳಿಯಿಂದ ಹೊರಟಳು. ಬೆಳಿಗ್ಗೆಯಿಂದ ನಲವತ್ತು ಮನೆ ತಿರುಗಿ ಗರ್ಭಿಣಿಯರ ಪಟ್ಟಿ ಬರೆದಿದ್ದಳು, ಹಿಮ್ಮಡಿ ಉರಿಯುತ್ತಿತ್ತು. ಬಿಸಿಲಿಗೆ ರಸ್ತೆ ನೀರಿನಂತೆ ನಡುಗುತ್ತಿತ್ತು. ಅಂದು ಸೇತುವೆಯ ಹತ್ತಿರವೂ ನಿಲ್ಲಲಿಲ್ಲ. ಮನೆಗೆ ಬಂದು ಬ್ಯಾಟರಿ ಎತ್ತಿದಾಗ ಅದರ ಹಿಡಿಕೆ ಕೈ ಸುಡುವಷ್ಟು ಕಾದಿತ್ತು. ಆರಿದ ಮೇಲೆ ಚಾರ್ಜಿಗೆ ಹಚ್ಚಬೇಕೆಂದು ಗಾಡಿ ಕೊಟ್ಟವನು ಹೇಳಿದ್ದು ನೆನಪಿತ್ತು. ಆದರೆ ಅದು ಆರುವ ತನಕ ತಾನು ಎಚ್ಚರ ಕೂರಬೇಕು. ಈಗಲೇ ಹಚ್ಚಿದರೆ ಮಲಗಬಹುದು. ಆಕೆ ಹಚ್ಚಿ, ಗುಂಡಿ ಒತ್ತಿ, ನಡುಮನೆಯ ನೆಲದ ತಣ್ಣನೆಯ ಫರ್ಸಿಕಲ್ಲಿನ ಮೇಲೆ ಸೆರಗು ಹಾಸಿ ಬಿದ್ದುಕೊಂಡಳು.

ಎಚ್ಚರಾದದ್ದು ವಾಸನೆಗೆ. ಉಗುರಿಗೆ ಹಚ್ಚುವ ಬಣ್ಣದಂಥ ವಾಸನೆ, ಸಿಹಿ ಸಿಹಿ, ಮೂಗಿನೊಳಗೆ ಚುಚ್ಚುವಂಥದ್ದು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪಡಸಾಲೆಗೆ ಬಂದು ನೋಡಿದರೆ ಬ್ಯಾಟರಿ ಕಾಣಲಿಲ್ಲ. ಮಣೆಯ ಮೇಲೆ ಒಂದು ಕೌದಿ ಕೂತಿತ್ತು. ನಾಲ್ಕು ಮಡಿಕೆಯ ಹಳೆಯ ಕೌದಿ, ಹಳೆ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಹೊದಿಕೆ. ಅಂಚುಗಳನ್ನು ಸುತ್ತಲೂ ಒಳಕ್ಕೆ ಸೇರಿಸಿ, ಧೂಳು ಹೋಗಲು ಒಂದು ಸಂದು ಕೂಡ ಬಿಡದೆ ಹೊದಿಸಿದ್ದರು. ಒಂದು ಮೊಳ ಆಚೆ ಮಂಚದ ಮೇಲೆ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಶೈಲಶ್ರೀ ಮೊದಲು ಗುಂಡಿ ಆರಿಸಿದಳು. ಕೌದಿ ಎಳೆದಳು. ಬ್ಯಾಟರಿಯ ಒಂದು ಪಕ್ಕ ಉಬ್ಬಿ, ಮುಚ್ಚಳದ ಅಂಚು ಬಾಯಿ ತೆರೆದಿತ್ತು. ಕಾವು ಮುಖಕ್ಕೆ ಹೊಡೆಯಿತು. ಹೊರಗೆ ಹೋಗುವ ಬಾಗಿಲು ಅದರ ಪಕ್ಕದಲ್ಲೇ ಇತ್ತು, ಹಿತ್ತಲ ಬಾಗಿಲು ಅತ್ತೆಯ ಮೊಣಕಾಲಿಗೆ ದೂರ.

"ಅತ್ತಿ, ಏಳ್ರಿ. ಹೊರಗ ನಡೀರಿ."

"ಯಾಕ? ಯಾರ್ ಬಂದಾರ?"

"ಯಾರೂ ಬಂದಿಲ್ಲ. ಏಳ್ರಿ ಮೊದಲ."

"ಕನ್ನಡಕ ಕೊಡು."

"ಕನ್ನಡಕ ಆಮ್ಯಾಲ."

"ಕನ್ನಡಕ ಇಲ್ದ ಹೊರಗ ಹೋಗಿ ಏನ್ ನೋಡ್ಲಿ ನಾ?"

ಆಕೆ ಅತ್ತೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಬ್ಯಾಟರಿಗೂ ಅತ್ತೆಗೂ ನಡುವೆ ತಾನು ಬರುವಂತೆ ನಿಂತು, ಒಂದೊಂದೇ ಹೆಜ್ಜೆ ನಡೆಸಿದಳು. ಆರು ಹೆಜ್ಜೆಯ ದಾರಿ. ಹೆರಿಗೆಗೆ ಬಂದ ಹೆಂಗಸರನ್ನು ಕತ್ತಲ ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋದದ್ದುಂಟು, ಇಷ್ಟು ಉದ್ದ ಎನಿಸಿರಲಿಲ್ಲ. ಹೊಸ್ತಿಲು ದಾಟುವಾಗ ಅತ್ತೆ ನಿಂತು, "ಚಪ್ಪಲ್ ಎಲ್ಲದ?" ಎಂದಳು. ಶೈಲಶ್ರೀ ಆಕೆಯನ್ನು ಅನಾಮತ್ತಾಗಿ ಎತ್ತಿ ಹೊರಗಿಟ್ಟಳು.

ಎದುರುಮನೆಯ ಪೀರಮ್ಮನ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿ, ಮೂರನೆಯ ಮನೆಯ ತೌಸೀಫನನ್ನು ಕೂಗಿದಳು. ಅವನಿಗೆ ಸೇಡಂ ರಸ್ತೆಯಲ್ಲಿ ಬ್ಯಾಟರಿ ರಿಪೇರಿಯ ಅಂಗಡಿ. ಶುಕ್ರವಾರವೆಂದು ಮನೆಯಲ್ಲಿದ್ದ. ಬನಿಯನ್ನಿನಲ್ಲೇ ಓಡಿ ಬಂದ.

"ಹೊಗಿ ಬಂದದೇನ್ ಅಕ್ಕಾ?"

"ಇಲ್ಲ. ವಾಸನಿ ಅದ. ಉಬ್ಬ್ಯಾದ."

"ಬಟನ್ ಬಂದ್ ಮಾಡೀರಿ?"

"ಮಾಡೀನಿ."

"ಶಾಣ್ಯಾ ಕೆಲಸ ಮಾಡೀರಿ. ಈಗ ಒಳಗ ಹೋಗಬ್ಯಾಡ್ರಿ ಯಾರೂ."

ಅವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ಸುಮ್ಮನೆ ನೋಡಿದ. ಕಾವು ಇಳಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ದಪ್ಪ ಕೈಗವಸು ಹಾಕಿ, ಪೀರಮ್ಮನ ಮಗ ಮನೆ ಕಟ್ಟಲು ತರಿಸಿದ್ದ ಮರಳನ್ನು ಕಬ್ಬಿಣದ ಪುಟ್ಟಿಯಲ್ಲಿ ತುಂಬಿ ತಂದ. ಬ್ಯಾಟರಿಯನ್ನು ಮೆಲ್ಲಗೆ ಅದರಲ್ಲಿಟ್ಟು, ಹಿಂದಿನ ಖಾಲಿ ಜಾಗದ ನಡುವೆ ಒಯ್ದು ಬಿಟ್ಟ.

"ಎರಡು ದಿನ ಅಲ್ಲೇ ಇರ್ಲಿ, ಹತ್ರ ಯಾರೂ ಹೋಗಬ್ಯಾಡ್ರಿ. ಆಮ್ಯಾಲ ನಾನೇ ಗಾಡಿ ಕೊಟ್ಟವ್ರಿಗೆ ಮುಟ್ಟಸ್ತೀನಿ, ಅವ್ರು ತಗೋತಾರ. ಇನ್ನ ಇದಕ್ಕ ಚಾರ್ಜ್ ಹಚ್ಚೋ ಮಾತೇ ಇಲ್ಲ. ಹೊಗಿ ಬಂದಿತ್ತಂದ್ರ ನಾನೂ ಮುಟ್ತಿದ್ದಿಲ್ಲ ಅಕ್ಕಾ. ಎಲ್ಲಾರೂ ದೂರ ನಿಂತು ಫೈರ್ ಗಾಡಿಗೆ ಫೋನ್ ಹಚ್ಚೋದೇ."

ಒಳಗೆ ಬಂದು ಚಾರ್ಜರನ್ನು ತಿರುಗಿಸಿ ನೋಡಿ ನಕ್ಕ.

"ಇದ್ ಎಲ್ಲಿಂದ ಬಂತು?"

"ಮನಿಯವ್ರು ತಂದಾರ. ಪಿನ್ ಕೂಡ್ತದ."

"ಇದು ಹಳೇ ನೀರ್ ಹಾಕೋ ಬ್ಯಾಟರಿ ಗಾಡಿದು. ಪಿನ್ ಕೂಡಿದ್ರ ಆತೇನ್ ಅಕ್ಕಾ? ನನ್ನ ಅಂಗಿ ಗುಂಡಿ ನಿಮ್ಮನಿಯವ್ರ ಅಂಗಿಗೂ ಕೂಡ್ತಾವ. ಹಂಗಂತ ಇಬ್ರೂ ಒಂದೇ ಅಂಗಿ ಹಾಕ್ತೀವೇನು? ಬ್ಯಾಟರಿ ತುಂಬಿದ್ರ ಬಿಡಬೇಕ್ರಿ ಚಾರ್ಜರ್. ಇದು ಬಿಡಂಗಿಲ್ಲ, ಬೀಗರೂಟದಾಗ ಬಡಿಸ್ದಂಗ ಬಡಸ್ತಾನೇ ಇರ್ತದ. ಅದ್ರಾಗ ನೀವು ಬಿಸಿಲಾಗಿಂದ ತಂದು ಹಂಗೇ ಹಚ್ಚೀರಿ. ಮ್ಯಾಲ ಕೌದಿ ಬ್ಯಾರೆ. ಬಿಸಿ ಎಲ್ಲಿ ಹೋಗ್ಬೇಕು ಪಾಪ?"

ಶೈಲಶ್ರೀ ತಲೆಯಾಡಿಸಿದಳು. ಆಕೆ ಆಗ ಬ್ಯಾಟರಿಯ ಬಗ್ಗೆ ಯೋಚಿಸುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅತ್ತೆ ಎರಡೂ ಕೈ ತೊಡೆಯ ಮೇಲಿಟ್ಟು ತನ್ನ ಬರಿಗಾಲನ್ನು ನೋಡುತ್ತ ಕೂತಿದ್ದಳು. ಪೀರಮ್ಮ ನೀರು ಕೊಟ್ಟರೆ ಬೇಡವೆನ್ನುತ್ತಿದ್ದಳು.

ಲಕ್ಷ್ಮಿಕಾಂತ ಬಂದಾಗ ಏಳಕ್ಕೆ ಹತ್ತು ನಿಮಿಷ. ಓಣಿಯ ತುದಿಯಲ್ಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಚೀಲ ಗೂಟಕ್ಕೆ ಹಾಕಿ, ಕಾಲು ತೊಳೆದು, ಕುರ್ಚಿಯಲ್ಲಿ ಕೂತು ಕೇಳತೊಡಗಿದ. ಅವನು ಗಟ್ಟಿಯಾಗಿ ಕೂಗುವವನಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಕೂತು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಮೆತ್ತಗೆ ಇಡುವುದನ್ನು ಕಲಿತಿದ್ದ.

"ಎಷ್ಟಕ್ಕ ಹಚ್ಚಿದಿ?"

"ಮೂರೂವರಿಗಿ."

"ನೀ ಎಲ್ಲಿದ್ದಿ?"

"ಮಲಗಿದ್ದೆ."

"ಮಲಗಿದ್ದಿ. ಅವ್ವ?"

"ಅವ್ರೂ ಮಲಗಿದ್ರು."

"ಬ್ಯಾಟರಿ ಮ್ಯಾಲ ಕೌದಿ ಇತ್ತಂತ?"

"ಇತ್ತು."

"ಯಾರ್ ಹೊಚ್ಚಿದ್ರು?"

ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅವಳ ತುಟಿ ಕದಲಿತೋ ಇಲ್ಲವೋ, ಶೈಲಶ್ರೀ ಅತ್ತ ನೋಡಲಿಲ್ಲ. "ನಾನೇ" ಎಂದಳು.

ಅತ್ತೆಯ ಮೇಲಿನ ಕರುಣೆಯಿಂದ ಹಾಗೆ ಹೇಳಿದೆ ಎಂದು ಆಕೆಗೇ ಆಮೇಲೆ ಅನಿಸತೊಡಗಿತು. ಆ ಹೊತ್ತಿಗೆ ಇದ್ದದ್ದು ಬೇರೆ. ಇಪ್ಪತ್ತಾರು ವರ್ಷದಿಂದ ಈ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ, ರಾತ್ರಿ ಹಿತ್ತಲ ಬಾಗಿಲ ಚಿಲಕ ಹಾಕದೆ ಉಳಿದರೆ, ಯಾರದೋ ಮದುವೆಯ ಕರೆಯೋಲೆ ಕಳೆದುಹೋದರೆ ಆಕೆ ಹೇಳಿದ್ದು ಇದೇ. ನಾನೇ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮಾತು ಮುಗಿದರೆ ಪಾತ್ರೆ ತೊಳೆದು ಮಲಗಬಹುದು. ಚಾರ್ಜರಿನ ವಿಷಯವನ್ನೂ ಹೇಳಲಿಲ್ಲ. ಹೇಳಿದರೆ ಅವನು ಅಂಗಡಿಯವನ ಕಥೆ ತೆಗೆಯುತ್ತಾನೆ, ತಾನು ಉತ್ತರ ಕೊಡಬೇಕು, ಅದಕ್ಕೆ ಅವನ ಉತ್ತರ. ಹಿಮ್ಮಡಿ ಇನ್ನೂ ಉರಿಯುತ್ತಿತ್ತು.

ಆದರೆ ಈ ಸಲ ಮಾತು ಮುಗಿಯಲಿಲ್ಲ.

"ನರ್ಸ್ ಅದಿ ನೀ. ಓದಿದಾಕಿ," ಎಂದ ಲಕ್ಷ್ಮಿಕಾಂತ. "ನಿನಗ ತಿಳಿವಲ್ದಂದ್ರ ಯಾರಿಗೆ ತಿಳೀಬೇಕು? ಮನ್ಯಾಗ ವಯಸ್ಸಾದಾಕಿ ಅದಾಳ. ಬಾಗಿಲ ಬಾಯಾಗೇ ಬೆಂಕಿ ಇಟ್ಟಂಗ ಆಗ್ತಿತ್ತು. ಬ್ಯಾಡ ಈ ಸಹವಾಸ. ಕೋಡ್ಲಾದ ಕಾಶಪ್ಪ ಗಾಡಿ ಕೇಳ್ಲಿಕತ್ತಾನ ಭಾಳ ದಿನದಿಂದ. ಬ್ಯಾಟರಿ ಇಲ್ದಿದ್ರೂ ಒಯ್ತೀನಂತಾನ. ಐತವಾರ ಬಾ ಅಂತೀನಿ."

"ನಾ ಹೆಂಗ ಹೋಗ್ಲಿ ಡ್ಯೂಟಿಗಿ?"

"ಮೊದಲ ಹೆಂಗ ಹೋಗ್ತಿದ್ದಿ?"

ಮೊದಲು ಹೋಗುತ್ತಿದ್ದದ್ದು ನಿಜ.

ಶನಿವಾರ ಕ್ರಾಸಿನಲ್ಲಿ ಮುಕ್ಕಾಲು ಗಂಟೆ ನಿಂತಳು. ಟಂಟಂ ಬಂದಾಗ ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರ ನಡುವೆ ಒಂದು ಗೇಣು ಜಾಗ ಇತ್ತು. ಲಸಿಕೆಯ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಕೂತಳು. ಒಬ್ಬನ ಮೊಣಕೈ ಪ್ರತಿ ತಗ್ಗಿಗೂ ತಾಗುತ್ತಿತ್ತು. ಬೇಕೆಂದೇ ತಾಗಿಸುತ್ತಿದ್ದಾನೋ ತಗ್ಗಿನಿಂದಲೋ ಎಂದು ಲೆಕ್ಕ ಹಾಕುವ ಹಳೆಯ ಕೆಲಸ ಮತ್ತೆ ಶುರುವಾಯಿತು. ಎರಡು ವರ್ಷದಲ್ಲಿ ಅದು ಮರೆತೇ ಹೋಗಿತ್ತು. ಮರೆತದ್ದು ಇಷ್ಟು ಸಲೀಸಾಗಿ ಮೈಗೆ ತಿರುಗಿ ಬಂದದ್ದನ್ನು ಕಂಡು ಆಕೆಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನಿವೃತ್ತಿಗೆ ಇನ್ನು ಹನ್ನೆರಡು ವರ್ಷ ಎಂದುಕೊಂಡಳು.

ಸಂಜೆ ಬಂದಾಗ ಏಳೂಕಾಲು. ಅತ್ತೆ ಊಟದ ತಾಟನ್ನು ಹಾಗೇ ದೂಡಿದ್ದಳು. ಶುಕ್ರವಾರದಿಂದ ಒಂದು ಮಾತೂ ಆಡಿರಲಿಲ್ಲ. ಹೊದಿಸುವ ಬಟ್ಟೆಗಳನ್ನು ಒಗೆದು ಹಾಕಿದ್ದರೆ ಮಡಚಲೂ ಇಲ್ಲ. ಶೈಲಶ್ರೀ ಅದನ್ನು ನೋಡುತ್ತ ತಾಟು ಎತ್ತಿದಳು. ಮುದುಕಿ ಬಾಯಿ ಬಿಡಲಿಲ್ಲವಲ್ಲ ಎಂದುಕೊಂಡಳು. ನಾನೇ ಎಂದು ತಾನು ಅಂದದ್ದು ಹೌದು. ಆದರೂ ಒಂದು ಮಾತು, ನಾ ಹೊಚ್ಚೀನಪ್ಪ ಎಂದು ಮಗನಿಗೆ ಒಂದು ಮಾತು ಹೇಳಲಾಗಲಿಲ್ಲವೇ? ತನ್ನ ಗಾಡಿ ಹೋಗುತ್ತಿರುವುದು ಆಕೆಗೆ ಕಾಣುವುದಿಲ್ಲವೇ? ನಾಲ್ಕೂವರೆಗೆ ಮನೆಗೆ ಬಂದು ಚಹಾ ಕಾಸಿ ಕೊಡುತ್ತಿದ್ದವಳು ಯಾರು?

ಆದಿತ್ಯವಾರ ಹತ್ತಕ್ಕೆ ಕಾಶಪ್ಪ ಬಂದ. ಕೋಡ್ಲಾದಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ರೆಪ್ಪೆಯ ಮೇಲೂ ಹಿಟ್ಟು. ಅಂಗಳದಲ್ಲಿ ಗಾಡಿಯ ಸುತ್ತ ತಿರುಗಿ, ಚಕ್ರ ಒದ್ದು, ಬ್ರೇಕು ಹಿಡಿದು ನೋಡಿದ.

"ಗಾಡಿ ಛಲೋ ಇಟ್ಟೀರಲ್ರೀ. ಒಂದು ಗೀರಿಲ್ಲ. ಯಾಕ ಕೊಡ್ಲಿಕತ್ತೀರಿ?"

ಲಕ್ಷ್ಮಿಕಾಂತ ನಕ್ಕ. "ಹೆಂಗಸ್ರ ಕೈಯಾಗ ಇವೆಲ್ಲ ನಡಿಯಂಗಿಲ್ರಿ ಕಾಶಪ್ಪ. ಚಾರ್ಜಿಗಿ ಇಟ್ಟು ಮ್ಯಾಲ ಕೌದಿ ಹೊಚ್ಯಾಳ ನಮ್ಮಾಕಿ. ಥಂಡಿ ಹತ್ತೀತಂತ."

"ಕೌದಿ!" ಕಾಶಪ್ಪ ಹೊಟ್ಟೆ ಹಿಡಿದು ನಕ್ಕ. "ಜೋಗುಳಾನೂ ಹಾಡೀರೇನ್ ಅಕ್ಕಾರ?"

ಶೈಲಶ್ರೀ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಆ ನಗು ಆಕೆಯ ಮೈಗೆ ಹೊಸದೇನಲ್ಲ. ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು ಒಳಗೆ ಹೋಗಬೇಕು, ಒಲೆಯ ಮೇಲೆ ಬೇಳೆ ಇದೆ. ಆದರೆ ಕಾಲು ಏಳಲಿಲ್ಲ.

"ನಾ ಹೊಚ್ಚಿಲ್ಲ," ಎಂದಳು.

ಲಕ್ಷ್ಮಿಕಾಂತ ತಿರುಗಿ ನೋಡಿದ. "ಮೊನ್ನಿ ನೀನೇ ಅಂದಿ?"

"ಅಂದೆ. ಸಾಕಾಗಿತ್ತು, ಅಂದೆ. ಕೌದಿ ಹೊಚ್ಚಿದಾಕಿ ಅತ್ತಿ. ಚಾರ್ಜರ್ ತಂದವ್ರು ನೀವು, ಅದು ನಮ್ಮ ಗಾಡೀದಲ್ಲ, ತೌಸೀಫಗ ಕೇಳ್ರಿ ಬೇಕಾದ್ರ. ಕಾದ ಬ್ಯಾಟರಿ ಹಂಗೇ ಹಚ್ಚಿದಾಕಿ ನಾ. ನಂದೆಷ್ಟದ ಅಷ್ಟು ನಾ ಹೊರ್ತೀನಿ. ಎಲ್ಲಾರ್ದೂ ನನ್ನ ಕೈಲಿ ಆಗಂಗಿಲ್ಲ ಇನ್ನ. ಗಾಡಿ ನಾ ಕೊಡಂಗಿಲ್ಲ."

ಅಷ್ಟು ಮಾತನ್ನು ಆಕೆ ಗಂಡನಿಗೆ ಒಂದೇ ಉಸಿರಿನಲ್ಲಿ ಹೇಳಿದ್ದು ಅದೇ ಮೊದಲು. ದನಿ ಎತ್ತರಿಸಿರಲಿಲ್ಲ. ಹೊರರೋಗಿಗಳ ಹೆಸರು ಓದಿದಂತೆ ಓದಿದ್ದಳು. ಹೇಳಿಯಾದ ಮೇಲೆ ಮೊದಲು ಬಂದ ಯೋಚನೆ ಅತ್ತೆಯದು: ಒಳಗೆ ಕೇಳಿಸಿಕೊಂಡಿದ್ದಾಳೆ, ಇನ್ನು ಅಳುತ್ತಾಳೆ.

ಅತ್ತೆ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಈಗ ಹೇಳ್ದಿ? ಶುಕ್ರವಾರ ಏನ್ ಬಾಯಿ ಹೊಲ್ಕೊಂಡಿದ್ದೇನು?"

"ನಿಮಗ ಬೈತಾರಂತ..."

"ಬೈಲಿ! ನನ್ನ ಮಗ, ನನಗ ಬೈತಾನ. ತಿರುಗಿ ನಾ ಬೈತೀನಿ. ಅದಕ್ಯಾಕ ನೀ ನಡುವ ಬಂದಿ? ನಾ ಬಾಯಿ ತೆಗಿಯೂದ್ರಾಗ ನಾನೇ ಅಂದ್ಬಿಟ್ಟಿ. ಆಮ್ಯಾಲ ನಾ ಏನ್ ಹೇಳ್ಲಿ? ಸೊಸಿ ಸುಳ್ಳ ಹೇಳ್ಲಿಕತ್ತಾಳ ಅನ್ಲಾ? ಮೂರ ದಿನ ಆತು, ಅನ್ನ ಇಳಿವಲ್ದು ಗಂಟಲದಾಗ. ಮಾಡಿದಾಕಿ ನಾ, ಅನ್ನಿಸ್ಕೊಂಡಾಕಿ ನೀ. ಈ ಮನ್ಯಾಗ ನಾ ಇದ್ದೀನೋ ಸತ್ತೀನೋ?"

"ಅವ್ವಾ, ಒಳಗ ನಡಿ," ಎಂದ ಲಕ್ಷ್ಮಿಕಾಂತ.

"ನೀ ಒಂದ್ ನಿಮಿಷ ನಿಂದ್ರು. ಕೋರ್ಟಿನಾಗ ಎಲ್ಲಾರ್ನೂ ಕಟಕಟಿಗಿ ನಿಂದ್ರಿಸಿ ಕೇಳ್ತಾರಂತ ಹೇಳ್ತಿ. ಮಂಚದ ಮ್ಯಾಲ ಇದ್ದಾಕಿ ನಾ. ನನಗ ಯಾಕ ಕೇಳ್ಲಿಲ್ಲ?"

"ನಿನಗೇನ್ ಗೊತ್ತಾಗ್ತದಂತ..."

"ಹೊಚ್ಚಿದಾಕಿಗಿ ಗೊತ್ತಾಗಂಗಿಲ್ಲ, ರೈಲಿನಾಗ ಕುಂತು ಬಂದಾವ್ಗ ಗೊತ್ತಾಗ್ತದ!"

ಕಾಶಪ್ಪನ ಬಾಯಿಂದ ಚಹಾ ಚಿಮ್ಮಿತು. ಅವನು ಮೀಸೆ ಒರೆಸಿಕೊಂಡು, "ಅಮ್ಮಾರ ಮಾತು ಖರೇ ಅದ ಬಿಡ್ರಿ," ಎಂದ.

ಲಕ್ಷ್ಮಿಕಾಂತ ಒಳಗಿಂದ ಚಾರ್ಜರು ತಂದು ಹಿಂದುಮುಂದೆ ನೋಡಿದ. "ನಡೀತದ ಅಂದಿದ್ದ ಅಂಗಡಿಯವ," ಎಂದ, ಯಾರಿಗೂ ಅಲ್ಲದಂತೆ.

"ನನಗೂ ಒಬ್ಬ ಹಿಂಗೇ ಗಿರಣಿ ಪಟ್ಟಾ ನಡೀತದ ಅಂತ ಕೊಟ್ಟಿದ್ನಿರಿ. ಎರಡು ದಿನ ನಡೀತು," ಎಂದ ಕಾಶಪ್ಪ. ಗಾಡಿಯ ಸೀಟಿನ ಮೇಲೆ ಬಿದ್ದ ಹಿಟ್ಟನ್ನು ತನ್ನ ಟವೆಲ್ಲಿನಿಂದ ಒರೆಸಿ, "ಅಕ್ಕಾರ, ಗಾಡಿ ನಿಮಗೇ ಇರ್ಲಿ. ಬರ್ತೀನ್ರಿ," ಎಂದು ಹೊರಟುಹೋದ. ಲಕ್ಷ್ಮಿಕಾಂತ ಅವನನ್ನು ತಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತೌಸೀಫನ ಮನೆ ಕಡೆ ಹೋದ. ಚಾರ್ಜರು ಅವನ ಕೈಯಲ್ಲೇ ಇತ್ತು.

ಅತ್ತೆ ಕಟ್ಟೆಯ ಮೇಲೆ ಕೂತಳು. ಉಸಿರು ಜೋರಾಗಿ ಬರುತ್ತಿತ್ತು. ಶೈಲಶ್ರೀ ಪಕ್ಕದಲ್ಲಿ ಕೂತು ಅಭ್ಯಾಸದಂತೆ ಆಕೆಯ ನಾಡಿ ಹಿಡಿದಳು. ಅತ್ತೆ ಕೈ ಕೊಸರಿಕೊಂಡಳು.

"ನಾಡಿ ನೋಡಬ್ಯಾಡ, ಹೇಳು ನನಗ. ಕೌದಿ ಹೊಚ್ಚಿದ್ರ ಅದಕ್ಕೇನ್ ಆಗ್ತದ? ಟಿವಿಗಿ ಆಗಲ್ದು ಅದಕ್ಕ ಯಾಕ ಆಗ್ತದ? ಇಷ್ಟ ದಿನ ಒಬ್ರೂ ಹೇಳಿಲ್ಲ."

"ಚಾರ್ಜ್ ಆಗೂಮುಂದ ಅದು ಮೈ ಬಿಸಿ ಮಾಡ್ಕೋತದ್ರಿ ಅತ್ತಿ. ಆ ಬಿಸಿ ಹೊರಗ ಹೋಗ್ಬೇಕು. ಹೋಗಲಿಲ್ಲಂದ್ರ ಒಳಗೇ ಏರ್ತದ, ಏರಿ ಏರಿ ತಾನೇ ಸುಡ್ತದ. ಜ್ವರ ಬಂದ ಕೂಸಿಗಿ ಹೊಚ್ಚಬ್ಯಾಡ್ರಿ ಅಂತ ಹಳ್ಯಾಗ ದಿನಾ ಹೇಳ್ತೀನಲ್ಲ ನಾ. ಹಂಗ."

ರಸ್ತೆಯಲ್ಲಿ ಎರಡು ಲಾರಿ ಹೋದವು.

"ದೇವಿಕಾಗ ಜ್ವರ ಬಂದಾಗ ನಾ ಹೊಚ್ಚಿದ್ದೆ. ಎರಡು ಕೌದಿ. ಕೂಸು ಕಣ್ಣ ಮ್ಯಾಲ ಮಾಡಿತ್ತು."

"ಹ್ಞೂಂ."

"ಆಗ ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದೂ ಸುಮ್ನಿದ್ದಿ."

"ಆಗ ನಾ ಹೊಸಾಕಿ ಇದ್ದೆ ಅತ್ತಿ."

"ಈಗ?"

ದೇವಿಕಾಗೆ ಜ್ವರ ಬಂದ ಆ ರಾತ್ರಿ ಶೈಲಶ್ರೀ ಅಡುಗೆಮನೆಯಲ್ಲಿ ನಿಂತು, ಅತ್ತೆ ಮಲಗುವವರೆಗೆ ಕಾದು, ಮಗುವಿನ ಮೇಲಿಂದ ಕೌದಿ ಸರಿಸಿ ಒದ್ದೆ ಬಟ್ಟೆಯಿಂದ ಮೈ ಒರೆಸಿದ್ದಳು. ಅರ್ಧ ಗಂಟೆ ಕಾದಿದ್ದಳು. ಅತ್ತೆಯ ನಿದ್ದೆಗೆ ಕಾದ ಆ ಅರ್ಧ ಗಂಟೆಯನ್ನು ಇಷ್ಟು ವರ್ಷ ಆಕೆ ಅತ್ತೆಯ ಲೆಕ್ಕಕ್ಕೇ ಬರೆದಿದ್ದಳು. ಬಾಯಿ ಬಿಟ್ಟು ಹೇಳಿದ್ದರೆ ಈ ಮುದುಕಿ ಆಗಲೂ ಹೀಗೇ ಕೇಳುತ್ತಿದ್ದಳೋ ಏನೋ. ಕೇಳುತ್ತಿರಲಿಲ್ಲವೋ. ಈಗ ಅದನ್ನು ತಿಳಿಯುವ ದಾರಿಯಿಲ್ಲ. ಬೇಳೆ ಸೀದ ವಾಸನೆ ಬಂತು, ಎದ್ದು ಒಳಗೆ ಹೋದಳು.

ಹೊಸ ಬ್ಯಾಟರಿ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಟಂಟಂ, ಅಷ್ಟು ದಿನವೂ ಏಳೂಕಾಲು. ಲಕ್ಷ್ಮಿಕಾಂತ ಆ ವಿಷಯ ಮತ್ತೆ ಎತ್ತಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ, ಆಕೆ ಕಾಯಲೂ ಇಲ್ಲ. ಒಂದು ದಿನ ಸಂಜೆ ಬಂದಾಗ ಹಿತ್ತಲ ಗೋಡೆಗೆ, ತಗಡಿನ ನೆರಳಿನ ಕೆಳಗೆ, ಹೊಸದಾಗಿ ದೊಡ್ಡ ಪ್ಲಗ್ಗು ಕೂತಿತ್ತು. ಕೆಳಗೆ ಒಂದು ಫರ್ಸಿಕಲ್ಲು ಹಾಸಿತ್ತು, ಸುತ್ತ ಎರಡು ಮಾರು ಕಟ್ಟಿಗೆ, ಸಗಣಿಯ ಕುಳ್ಳು ಒಂದೂ ಇರಲಿಲ್ಲ. ತೌಸೀಫ ನಿಂತು ಮಾಡಿಸಿದ್ದನಂತೆ. ಹೊಸ ಬ್ಯಾಟರಿಯ ಜೊತೆ ಅದರದೇ ಚಾರ್ಜರು ಬಂತು. "ಇದನ್ನ ಬಿಟ್ಟು ಬ್ಯಾರೆ ಹಚ್ಚಿದ್ರ ನಾ ಈ ಓಣಿ ಬಿಟ್ಟು ಹೋಗ್ತೀನಿ ನೋಡ್ರಿ," ಎಂದ ತೌಸೀಫ. "ಮತ್ತ ಹಚ್ಚಿ ಮಲಗಬ್ಯಾಡ್ರಿ. ಯಾರರ ಎಚ್ಚರ ಇರ್ಬೇಕು."

"ನಾ ಇರ್ತೀನಿ," ಎಂದಳು ಅತ್ತೆ.

"ಧೂಳು ಬೀಳ್ತದ ಅಮ್ಮಾ ಅದ್ರ ಮ್ಯಾಲ. ನೋಡ್ತಾ ಕುಂದ್ರಲಿಕ್ಕ ಆಗ್ತದ ನಿಮಗ?"

"ಬೀಳ್ಲಿ. ತೆಗೆದ ಮ್ಯಾಲ ಒರಸ್ತಾಳ ಇಕಿ."

ಮೇ ತಿಂಗಳ ಎರಡನೆಯ ಭಾಗ. ಶೈಲಶ್ರೀ ನಾಲ್ಕೂವರೆಗೆ ಬಂದು, ಬ್ಯಾಟರಿ ತೆಗೆದು ಹಿತ್ತಲ ಕಲ್ಲಿನ ಮೇಲಿಟ್ಟು, ಒಂದು ಗಂಟೆ ಆರಲು ಬಿಟ್ಟಳು. ಆ ಒಂದು ಗಂಟೆಯಲ್ಲಿ ಚಹಾ ಆಯಿತು, ಹಿಟ್ಟು ಕಲಸಿಯಾಯಿತು. ಐದೂವರೆಗೆ ಹಚ್ಚಿದಳು. ಅತ್ತೆ ಕುರ್ಚಿ ಹಾಕಿಸಿಕೊಂಡು, ಬ್ಯಾಟರಿಯಿಂದ ದೂರ, ಹಿತ್ತಲ ಬಾಗಿಲ ಒಳಬದಿಗೆ ಕೂತಳು. ಕನ್ನಡಕ ಹಾಕಿಕೊಂಡಿದ್ದಳು.

"ವಾಸನಿ ಬಂದ್ರ, ಉಬ್ಬಿದ್ರ, ಏನರ ಸಪ್ಪಳಾದ್ರ ಕರೀರಿ. ನೀವು ಹತ್ರ ಹೋಗಬ್ಯಾಡ್ರಿ."

"ಎಷ್ಟು ಸಲ ಹೇಳ್ತಿ? ಹೋಗು, ಬೀಳು ಹೋಗು ಸ್ವಲ್ಪ. ಮುಖ ನೋಡ್ಕೋ ನಿಂದು, ಒಗೆದ ಚೀಲ ಆದಂಗ ಆಗ್ಯಾದ."

ಆಕೆ ನಡುಮನೆಯ ನೆಲದ ಮೇಲೆ ಮಲಗಿದಳು. ಕಣ್ಣು ಮುಚ್ಚಿದರೂ ನಿದ್ದೆ ಬರಲಿಲ್ಲ. ಕಿವಿ ಹಿತ್ತಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಪೀರಮ್ಮ ಬಂದ ಸಪ್ಪಳ, ಮೂಲೆಯಲ್ಲಿದ್ದ ಡಬ್ಬಿ ಎಳೆದು ಕೂತ ಸಪ್ಪಳ ಕೇಳಿತು.

"ಇದೇನ್ ಗುಂಡವ್ವಾ, ಬ್ಯಾಟರಿಗಿ ಪಹರೆ ಕುಂತಿ?"

"ಮತ್ತೇನ್ ಮಾಡ್ಲಿ? ಮೊದಲಿಂದು ಸುಟ್ಟಾಕಿ ನಾನೇ ಅಲ್ಲೇನು!"

"ನಿನ್ನ ಸೊಸಿ ಅಂತ ಅಂದ್ರಲ್ಲವ್ವಾ ಓಣ್ಯಾಗ?"

"ಯಾರಂದಾರ? ನಾನೇ! ನನ್ನ ಕೈಲೇ ಹೊಚ್ಚೀನಿ, ನಾಕ್ ಮಡಿಕಿ ಕೌದಿ. ಸಂದಿ ಬಿಟ್ಟಿಲ್ಲ ಒಂದು. ಇಷ್ಟೆತ್ತರ ಉಬ್ಬಿತ್ತು, ಕುಂಬಳಕಾಯಿ ಆದಂಗ. ಹೊಗಿ ಅಂದ್ರ ಹೊಗಿ, ಮನಿ ತುಂಬ ಹೊಗಿ..."

"ಅಯ್ ಶಿವನ!"

"ಆಕಿ ನನ್ನ ಎತ್ಕೊಂಡು ಓಡಿದ್ಲು ನೋಡು, ಹೊಗ್ಯಾಗಿಂದ. ಚಪ್ಪಲ್ ಸೈತ ಹಾಕ್ಕೊಳ್ಳಾಕ ಬಿಡ್ಲಿಲ್ಲ."

ಹೊಗೆ ಬಂದಿರಲಿಲ್ಲ ಎಂದು ಎದ್ದು ಹೋಗಿ ಹೇಳಬೇಕೆಂದು ಶೈಲಶ್ರೀಗೆ ಅನಿಸಿತು. ಮೊಣಕೈ ಊರಿ ಅರ್ಧ ಎದ್ದಳು. ಹಿತ್ತಲಲ್ಲಿ ಅತ್ತೆಯ ದನಿ ಏರುತ್ತಲೇ ಇತ್ತು, ಈಗ ಕುಂಬಳಕಾಯಿ ಸಿಡಿಯುವುದರಲ್ಲಿತ್ತು. ಆಕೆ ಮತ್ತೆ ಮಲಗಿ, ಮಗ್ಗುಲು ಬದಲಿಸಿ, ಕೆನ್ನೆಯನ್ನು ಕಲ್ಲಿನ ತಂಪಿಗೆ ಒತ್ತಿದಳು.